ಧ್ವನಿಮತದಲ್ಲಿ ನಮ್ಮ ಶಾಸಕರು ಯಾವ ಕಡೆ ಇದ್ದರೆಂದು ತಿಳಿಯುವುದು ಹೇಗೆ?

ಬೈಲಹೊಂಗಲ ಮೇಷ್ಟ್ರು

ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಚಳಿಗಾಲದ ಅಧಿವೇಶನ ನಡೆದಿದ್ದಾಗ ಹತ್ತನೆಯ ತರಗತಿಯ ಮಕ್ಕಳನ್ನು ಸುವರ್ಣ ವಿಧಾನಸೌಧಕ್ಕೆ ಕರೆದೊಯ್ದು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂರಿಸಿದ್ದೆ. ಪಾಸು ತೋರಿಸಿ, ತಪಾಸಣೆ ಮುಗಿಸಿ, ಮೊಬೈಲ್ ಒಪ್ಪಿಸಿ ಒಳಗೆ ಹೋಗಲು ಹಿಡಿದ ಸಮಯಕ್ಕಿಂತ ಕಡಿಮೆ ಸಮಯದಲ್ಲಿ ನಮ್ಮ ಕಣ್ಣೆದುರಿಗೇ ಒಂದು ವಿಧೇಯಕ ಅಂಗೀಕಾರವಾಗಿಬಿಟ್ಟಿತು. ಸಚಿವರು ಎದ್ದು ನಾಲ್ಕು ಮಾತು ಹೇಳಿದರು, ಖಂಡಗಳ ಸಂಖ್ಯೆಗಳನ್ನು ಒಂದೇ ಉಸಿರಿನಲ್ಲಿ ಓದಲಾಯಿತು, ಪರವಾಗಿರುವವರು ಹೌದು ಎನ್ನಿ, ವಿರೋಧವಾಗಿರುವವರು ಇಲ್ಲ ಎನ್ನಿ ಎಂದು ಪೀಠದಿಂದ ಮಾತು ಬಂತು, ಮುಂದಿನ ಸಾಲುಗಳಿಂದ ಒಂದಿಷ್ಟು ದನಿ ಕೇಳಿಸಿತು, ಅಷ್ಟಕ್ಕೆ ಮುಗಿಯಿತು.

ಬಸ್ಸು ಹತ್ತುವಾಗ ಒಬ್ಬ ಹುಡುಗಿ, "ಸರ್, ನಮ್ಮ ಎಮ್ಮೆಲ್ಲೆ ಹೌದು ಅಂದರೋ ಇಲ್ಲ ಅಂದರೋ?" ಎಂದು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಪಠ್ಯಪುಸ್ತಕದಲ್ಲಿ ಮೂರು ವಾಚನ, ವಿವರವಾದ ಚರ್ಚೆ, ಬಹುಮತ ಎಂದೆಲ್ಲ ಬರೆದಿದೆ. ಆ ಮೂರು ವಾಚನಗಳು ನಾವು ನೋಡಿದ ಆ ಕೆಲವು ನಿಮಿಷಗಳಲ್ಲಿ ಎಲ್ಲಿ ಅಡಗಿದ್ದವು? ಸದಸ್ಯರೊಬ್ಬರು ಯಾವ ಕಡೆ ಮತ ಹಾಕಿದರೆಂಬುದು ಎಲ್ಲಿಯಾದರೂ ದಾಖಲಾಗುತ್ತದೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಲಗಾ ನಿವಾಸಿ

ಅಧಿವೇಶನದ ಸಮಯದಲ್ಲಿ ನಮ್ಮೂರಿನವರಿಗೆ ದಾಖಲಾಗಿ ಉಳಿಯುವುದು ಹೆದ್ದಾರಿಯ ವಾಹನ ದಟ್ಟಣೆ ಮತ್ತು ಪ್ರತಿಭಟನೆಯ ಟೆಂಟುಗಳು ಮಾತ್ರ. ನಿಮ್ಮ ಪ್ರಶ್ನೆಗೆ ಉತ್ತರ ನನಗೂ ಬೇಕಾಗಿದೆ.

ಜಮಖಂಡಿ ವಕೀಲ

ಮೇಷ್ಟ್ರೇ, ಮೂರು ವಾಚನಗಳು ಅಲ್ಲೇ ಇದ್ದವು, ವೇಗದಿಂದಾಗಿ ನಿಮಗೆ ಒಂದೇ ಆಗಿ ಕಂಡವು. ಮೊದಲನೆಯದು ಮಂಡನೆ. ಸಚಿವರು ಸದನದ ಅನುಮತಿ ಪಡೆದು ವಿಧೇಯಕವನ್ನು ಮಂಡಿಸುತ್ತಾರೆ, ಈ ಹಂತದಲ್ಲಿ ಸಾಮಾನ್ಯವಾಗಿ ಚರ್ಚೆ ಇರುವುದಿಲ್ಲ. ನೀವು ನೋಡಿದ ವಿಧೇಯಕ ಬಹುಶಃ ಹಿಂದಿನ ದಿನವೋ ಅದಕ್ಕೂ ಮೊದಲೋ ಮಂಡನೆಯಾಗಿರಬೇಕು. ಎರಡನೆಯದು ಪರ್ಯಾಲೋಚನೆ. ಇದರಲ್ಲಿ ಮೊದಲು ವಿಧೇಯಕದ ಒಟ್ಟು ತತ್ತ್ವದ ಮೇಲೆ ಚರ್ಚೆ ನಡೆದು, ಆಮೇಲೆ ಒಂದೊಂದು ಖಂಡವನ್ನೂ ಸದನದ ಮತಕ್ಕೆ ಹಾಕಬೇಕು. ತಿದ್ದುಪಡಿ ಸೂಚಿಸಿದವರಿದ್ದರೆ ಆಯಾ ಖಂಡ ಬಂದಾಗ ತಿದ್ದುಪಡಿಗೇ ಮೊದಲು ಮತ. ತಿದ್ದುಪಡಿ ಸೂಚನೆಗಳು ಇಲ್ಲದಿದ್ದರೆ ಹಲವು ಖಂಡಗಳನ್ನು ಒಟ್ಟಿಗೆ ಮತಕ್ಕೆ ಹಾಕುತ್ತಾರೆ, ಸಂಖ್ಯೆಗಳನ್ನು ಓದಿದರೆಂದು ನೀವು ಹೇಳಿದ್ದು ಅದನ್ನೇ. ಒಂದನೆಯ ಖಂಡ, ಅಂದರೆ ಚಿಕ್ಕ ಹೆಸರು ಮತ್ತು ಪ್ರಾರಂಭ, ಕೊನೆಗೆ ಬರುತ್ತದೆ. ಮೂರನೆಯದು ಅಂಗೀಕಾರದ ಪ್ರಸ್ತಾವ.

ಬಹುಮತದ ಲೆಕ್ಕ ಸಂವಿಧಾನದ 189ನೇ ವಿಧಿಯಲ್ಲಿದೆ. ಹಾಜರಿದ್ದು ಮತ ಚಲಾಯಿಸಿದವರ ಬಹುಮತ ಸಾಕು, ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಬೇಕೆಂದಿಲ್ಲ. ಸಭಾಧ್ಯಕ್ಷರು ಮೊದಲು ಮತ ಹಾಕುವಂತಿಲ್ಲ, ಎರಡೂ ಕಡೆ ಸಮವಾದರೆ ಮಾತ್ರ ಅವರಿಗೆ ನಿರ್ಣಾಯಕ ಮತ.

ಕೊನೆಯ ಪ್ರಶ್ನೆಗೆ ನೇರ ಉತ್ತರ: ಧ್ವನಿಮತದಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ಪ್ರಸ್ತಾವ ಅಂಗೀಕಾರವಾಯಿತು ಎಂಬ ಸಾಲು ಮಾತ್ರ ನಡವಳಿಯಲ್ಲಿ ಉಳಿಯುತ್ತದೆ.

ಸವದತ್ತಿ ಅಭ್ಯರ್ಥಿ

ಹಾಗಾದರೆ 224 ಸದಸ್ಯರ ಸಭೆಯಲ್ಲಿ 113 ಎಂಬ ಸಂಖ್ಯೆಗೆ ಅಷ್ಟೊಂದು ಮಹತ್ವ ಏಕೆ? ಪರೀಕ್ಷೆಗೆ ಓದುವ ನಾವೆಲ್ಲ ಆ ಸಂಖ್ಯೆಯನ್ನೇ ಜಪಿಸುತ್ತೇವೆ.

ಅಥಣಿಯವ

113 ಎಂಬುದು ಎಲ್ಲರೂ ಹಾಜರಿದ್ದರೆ ಸರ್ಕಾರ ನೆಮ್ಮದಿಯಿಂದ ಇರಲು ಬೇಕಾಗುವ ಸಂಖ್ಯೆ. ಹಾಜರಾತಿ ಇಳಿದಂತೆ ಆ ಗೆರೆಯೂ ಇಳಿಯುತ್ತದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತಕ್ಕೆ 99 ಪರ, 105 ವಿರುದ್ಧ ಬಂದವು. ನಾಮನಿರ್ದೇಶಿತ ಸದಸ್ಯರೂ ಸೇರಿ ಆಗ ಸದನದ ಬಲ 225, ಬಿದ್ದ ಮತ 204. 105 ಎಂಬುದು 113ಕ್ಕಿಂತ ಎಂಟು ಕಡಿಮೆ, ಆದರೂ ಸರ್ಕಾರ ಉರುಳಿತು. ಅಂದು ಸದಸ್ಯರನ್ನು ಸಾಲು ಸಾಲಾಗಿ ಎಬ್ಬಿಸಿ ನಿಲ್ಲಿಸಿ ತಲೆ ಎಣಿಸಿದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿದೆ. ಆಮೇಲೆ ಅನರ್ಹರಾದ 17 ಶಾಸಕರಲ್ಲಿ ಅಥಣಿ, ಕಾಗವಾಡ, ಗೋಕಾಕ ಕ್ಷೇತ್ರಗಳ ಮೂವರೂ ಇದ್ದರು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಮೂವರೂ ಬೇರೆ ಪಕ್ಷದ ಚಿಹ್ನೆಯಲ್ಲಿ ಗೆದ್ದು ಬಂದರು ಎಂಬುದನ್ನೂ ಸೇರಿಸಿಕೊಳ್ಳಿ.

ಇಂಡಿ ಲಿಂಬೆ

ಅಂದರೆ ಎಣಿಸಲು ಬರುತ್ತದೆ, ಮನಸ್ಸಿಲ್ಲ ಎಂದಾಯಿತು. ಕುರ್ಚಿಯ ಪ್ರಶ್ನೆ ಬಂದಾಗ ತಲೆ ಎಣಿಸುತ್ತಾರೆ, ಕಾಯ್ದೆಯ ಪ್ರಶ್ನೆ ಬಂದಾಗ ಗದ್ದಲದ ಸದ್ದು ಆಲಿಸಿ ತೀರ್ಪು ಕೊಡುತ್ತಾರೆ.

ವಿಜಯಪುರದ ನಿವೃತ್ತ ವರದಿಗಾರ

ಇಂಡಿಯವರ ಸಿಟ್ಟು ಅರ್ಥವಾಗುತ್ತದೆ, ಆದರೆ ಅದು ಪೂರ್ತಿ ನ್ಯಾಯವಲ್ಲ. ಪತ್ರಕರ್ತರ ಗ್ಯಾಲರಿಯಲ್ಲಿ ಬಹುಕಾಲ ಕುಳಿತವನಾಗಿ ಹೇಳುತ್ತೇನೆ. ಧ್ವನಿಮತದ ಫಲಿತಾಂಶವನ್ನು ಯಾವ ಸದಸ್ಯನಾದರೂ ಪ್ರಶ್ನಿಸಿ ಡಿವಿಷನ್ ಕೇಳಬಹುದು. ಕೇಳಿದರೆ ಗಂಟೆ ಬಾರಿಸುತ್ತಾರೆ, ಮೊಗಸಾಲೆಯಲ್ಲಿ ಇದ್ದವರು ಒಳಗೆ ಬರುತ್ತಾರೆ, ಬಾಗಿಲು ಮುಚ್ಚಿ ಎಣಿಕೆ ನಡೆಯುತ್ತದೆ. ವಿರೋಧ ಪಕ್ಷದವರು ಬಹುಪಾಲು ಸಂದರ್ಭಗಳಲ್ಲಿ ಅದನ್ನು ಕೇಳುವುದೇ ಇಲ್ಲ. ಕಾರಣ ಸರಳವಾಗಿದೆ: ಸೋಲುವುದು ಖಚಿತವಿದ್ದಾಗ ತಮ್ಮ ಖಾಲಿ ಬೆಂಚುಗಳನ್ನು ತಾವೇ ಎಣಿಸಿ ತೋರಿಸುವುದು ಯಾರಿಗೂ ಬೇಡ. ಸಭಾತ್ಯಾಗ ಮಾಡಿದರೆ ಮರುದಿನದ ಪತ್ರಿಕೆಯಲ್ಲಿ ಚಿತ್ರವಾದರೂ ಬರುತ್ತದೆ. ಆಡಳಿತ ಪಕ್ಷಕ್ಕೂ ಅದರಿಂದ ಅನುಕೂಲವೇ. ಬೆಳಗಾವಿ ಅಧಿವೇಶನದ ಕೊನೆಯ ದಿನಗಳಲ್ಲಿ ಬೆಂಗಳೂರಿಗೆ ಹೊರಡುವ ಅವಸರ ಎರಡೂ ಕಡೆ ಇರುತ್ತದೆ, ಕಟ್ಟಿಟ್ಟ ವಿಧೇಯಕಗಳೆಲ್ಲ ಆಗಲೇ ಹೊರಬೀಳುತ್ತವೆ.

ಇನ್ನೊಂದು ಮಾತು. ವಿಧೇಯಕದ ಭವಿಷ್ಯ ಸದನದಲ್ಲಿ ತೀರ್ಮಾನವಾಗುತ್ತದೆಂದು ಗ್ಯಾಲರಿಯಲ್ಲಿ ಕುಳಿತವರಿಗೆ ಮಾತ್ರ ಅನ್ನಿಸುತ್ತದೆ. ಇಲಾಖೆ ಕರಡು ಮಾಡುತ್ತದೆ, ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಇಲಾಖೆ ಅದನ್ನು ತಿದ್ದುತ್ತದೆ, ಹಣದ ಹೊರೆಯಿದ್ದರೆ ಆರ್ಥಿಕ ಇಲಾಖೆ ನೋಡುತ್ತದೆ, ಸಚಿವ ಸಂಪುಟ ಒಪ್ಪುತ್ತದೆ. ಇಷ್ಟೆಲ್ಲ ಆದಮೇಲೆ ಸದನಕ್ಕೆ ಬರುವುದು ಬಹುತೇಕ ಬೆಂದ ಅಡಿಗೆ.

ಇಳಕಲ್ಲಿನ ಓದುಗ

ಬೆಂದ ಅಡಿಗೆಯನ್ನು ಬಡಿಸುವುದಷ್ಟೇ ಕೆಲಸವಾದರೆ 224 ಜನ ಏಕೆ ಬೇಕು ಸ್ವಾಮಿ? ಬಡಿಸುವುದಕ್ಕೆ ಇಬ್ಬರು ಸಾಕಲ್ಲವೇ?

ವಿಜಯಪುರದ ನಿವೃತ್ತ ವರದಿಗಾರ

ಬಹುತೇಕ ಎಂದೆನೇ ಹೊರತು ಯಾವಾಗಲೂ ಎಂದಿಲ್ಲ. ಒಂದು ವಿಧೇಯಕ ದಾರಿಯಲ್ಲಿ ಬದಲಾದ ಕಥೆ ಬೇಕಾದರೆ ಬೆಳಗಾವಿಯದ್ದನ್ನೇ ಹೇಳುತ್ತೇನೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ ತಿದ್ದುಪಡಿ ತರುವ ವಿಧೇಯಕವನ್ನು ಆಗ ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ ಅವರು 2017ರ ಜೂನ್‌ನಲ್ಲಿ ಮಂಡಿಸಿದರು. ಚಿಕಿತ್ಸೆಗೆ ದರ ನಿಗದಿ, ರೋಗಿಗಳ ದೂರಿಗೆ ಪ್ರತ್ಯೇಕ ವ್ಯವಸ್ಥೆ, ತಪ್ಪಿತಸ್ಥರಿಗೆ ಕಠಿಣ ದಂಡನೆ, ಹೀಗೆ ಅದರಲ್ಲಿ ಬಲವಾದ ಅಂಶಗಳಿದ್ದವು. ವಿಧೇಯಕ ಎರಡೂ ಸದನಗಳ ಸದಸ್ಯರಿದ್ದ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ನವೆಂಬರ್‌ನಲ್ಲಿ ಸುವರ್ಣ ಸೌಧದಲ್ಲಿ ಅಧಿವೇಶನ ಆರಂಭವಾದಾಗ ರಾಜ್ಯದ ಖಾಸಗಿ ವೈದ್ಯರು ಬೆಳಗಾವಿಗೇ ಬಂದು ಧರಣಿ ಕುಳಿತರು, ಊರೂರುಗಳಲ್ಲಿ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗ ಮುಚ್ಚಿತು. ಮುಖ್ಯಮಂತ್ರಿಗಳ ಜೊತೆ ಮಾತುಕತೆಯಾಗಿ, ಹಲವು ಕಠಿಣ ಅಂಶಗಳು ಸಡಿಲಗೊಂಡು, ಅದೇ ಅಧಿವೇಶನದಲ್ಲಿ ವಿಧೇಯಕ ಅಂಗೀಕಾರವಾಯಿತು. ವೈದ್ಯರು ಗೆದ್ದರು, ರೋಗಿಗಳು ಸೋತರು ಎನ್ನುವವರಿದ್ದಾರೆ. ಅದು ಬೇರೆ ಚರ್ಚೆ. ಮಂಡನೆಗೂ ಅಂಗೀಕಾರಕ್ಕೂ ನಡುವೆ ಅಂತರವಿದ್ದರೆ ಅಕ್ಷರಗಳು ಬದಲಾಗುತ್ತವೆ ಎಂಬುದಷ್ಟೇ ನನ್ನ ಮಾತು.

ತಿಕೋಟಾ ಔಷಧ ಅಂಗಡಿ

ಆ ವಾರ ನಮ್ಮ ಅಂಗಡಿಯ ಮುಂದೆ ಜನ ಹಳೆಯ ಚೀಟಿ ಹಿಡಿದುಕೊಂಡು ನಿಂತದ್ದು ನೆನಪಿದೆ. ಹೊಸ ಚೀಟಿ ಬರೆಯುವ ವೈದ್ಯರು ಸಿಗುತ್ತಿರಲಿಲ್ಲ. ವಿಧೇಯಕ ಎಂಬ ಶಬ್ದವನ್ನು ನಮ್ಮೂರಿನ ಮುದುಕಿಯರು ಮೊದಲ ಬಾರಿ ಆಡಿದ್ದು ಆಗಲೇ ಇರಬೇಕು. ಅಂದಹಾಗೆ, ಸಮಿತಿಯಲ್ಲಿ ಯಾವ ಶಾಸಕರು ಏನು ಹೇಳಿದರೆಂದು ನಮಗೆ ಗೊತ್ತಾಗಲೇ ಇಲ್ಲ.

ಜಮಖಂಡಿ ವಕೀಲ

ಪರಿಶೀಲನಾ ಸಮಿತಿಯ ಕಲಾಪ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ, ಆದರೆ ವರದಿ ಸದನದಲ್ಲಿ ಮಂಡನೆಯಾಗುತ್ತದೆ, ಒಪ್ಪದ ಸದಸ್ಯರು ತಮ್ಮ ಭಿನ್ನಮತವನ್ನು ಬರೆದು ಅದಕ್ಕೆ ಸೇರಿಸಬಹುದು. ನನ್ನ ದೃಷ್ಟಿಯಲ್ಲಿ ಗದ್ದಲದ ಸದನಕ್ಕಿಂತ ಅದೇ ಮೇಲು. ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕವನ್ನು 2024ರ ಜುಲೈನಲ್ಲಿ ಮಂಡಿಸಿ, ಜಂಟಿ ಪರಿಶೀಲನಾ ಸಮಿತಿಗೆ ಕಳುಹಿಸಿ, 2025ರ ಮಾರ್ಚ್‌ನಲ್ಲಿ ಅಂಗೀಕರಿಸಿದರು. ರಾಜಧಾನಿಯ ಆಡಳಿತಕ್ಕೆ ಅಷ್ಟು ತಿಂಗಳು ಸಿಗುತ್ತದೆ ಎಂದಾದರೆ ರಾಜ್ಯದ ರೈತರಿಗೆ, ಶಿಕ್ಷಕರಿಗೆ ಸಂಬಂಧಿಸಿದ ವಿಧೇಯಕಗಳಿಗೆ ಏಕೆ ಸಿಗಬಾರದು?

ಮುಧೋಳದ ಕಬ್ಬು

ರೈತರ ಮಾತು ಬಂತಲ್ಲ, ಕೇಳಿಯೇ ಬಿಡುತ್ತೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಸೇರಿ 33 ಶಾಸಕರು. ಬಹುಪಾಲು ಕ್ಷೇತ್ರಗಳಲ್ಲಿ ಕಬ್ಬು ಬೆಳೆಯುತ್ತದೆ. ಈ 33 ಜನ ಒಟ್ಟಾಗಿ ಒಂದು ವಿಧೇಯಕ ತಂದು ಕಬ್ಬಿನ ದರವನ್ನು ಕಾಯ್ದೆಯಲ್ಲೇ ಬರೆದು ಅಂಗೀಕರಿಸಿದರೆ ಪ್ರತಿ ವರ್ಷ ರಸ್ತೆಗೆ ಇಳಿಯುವ ಗೋಳು ತಪ್ಪುವುದಿಲ್ಲವೇ? 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ನಾವು ಕುಳಿತಾಗ ಸರ್ಕಾರ ಮಾತುಕತೆಗೆ ಬಂತು. ಕುಳಿತರೆ ಮಾತ್ರ ಬರುವುದಾದರೆ ಶಾಸಕರನ್ನು ಆರಿಸಿದ್ದೇಕೆ?

ಜಮಖಂಡಿ ವಕೀಲ

ಎರಡು ತೊಡಕುಗಳಿವೆ. ಒಂದು, ಎಫ್‌ಆರ್‌ಪಿ (ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ) ನಿಗದಿಯಾಗುವುದು 1966ರ ಕಬ್ಬು ನಿಯಂತ್ರಣ ಆದೇಶದಡಿ ಕೇಂದ್ರ ಸರ್ಕಾರದಿಂದ, ಆ ಆದೇಶದ ಮೂಲ 1955ರ ಅಗತ್ಯ ವಸ್ತುಗಳ ಕಾಯ್ದೆ. ರಾಜ್ಯವೂ ಕಬ್ಬು ಖರೀದಿ ಮತ್ತು ಪೂರೈಕೆಯ ಬಗ್ಗೆ 2013ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿದೆ, ಆದರೆ ಕೇಂದ್ರದ ದರಕ್ಕಿಂತ ಕಡಿಮೆ ಎಂದು ಅದರಲ್ಲಿ ಬರೆಯಲಾಗದು, ಹೆಚ್ಚು ಎಂದು ಬರೆದರೆ ಹಣ ಕೊಡುವವರು ಯಾರೆಂಬ ಪ್ರಶ್ನೆ ಏಳುತ್ತದೆ. ಎರಡು, ಸಚಿವರಲ್ಲದ ಶಾಸಕರು ತರುವುದು ಖಾಸಗಿ ಸದಸ್ಯರ ವಿಧೇಯಕ. ಬೊಕ್ಕಸದಿಂದ ವೆಚ್ಚ ಬೇಡುವ ವಿಧೇಯಕವಾದರೆ 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಬೇಕು, ಅದು ಸರ್ಕಾರದ ಒಪ್ಪಿಗೆ ಇಲ್ಲದೆ ಸಿಗುವಂತಹದ್ದಲ್ಲ. ಸಂಸತ್ತಿನಲ್ಲಿಯೇ ಖಾಸಗಿ ಸದಸ್ಯರ ವಿಧೇಯಕ ಕೊನೆಯ ಬಾರಿ ಕಾಯ್ದೆಯಾದದ್ದು 1970ರಲ್ಲಿ.

ಮುಧೋಳದ ಕಬ್ಬು

ತೊಡಕು ಹೇಳುವುದಕ್ಕೆ ಎಲ್ಲರೂ ಮುಂದೆ ಬರುತ್ತಾರೆ. 33 ಜನ ಒಂದು ಖಂಡಕ್ಕೆ ತಿದ್ದುಪಡಿ ಸೂಚಿಸಿ ಡಿವಿಷನ್ ಕೇಳಿದರೆ ಸೋತರೂ ಯಾರು ನಮ್ಮವರೆಂದು ಗೊತ್ತಾಗುತ್ತಿತ್ತು. ನನ್ನ ಮಾತು ಅಷ್ಟೇ.

ಬೈಲಹೊಂಗಲ ಮೇಷ್ಟ್ರು

ಮುಧೋಳದವರ ಕೊನೆಯ ಮಾತು ನನ್ನ ಪ್ರಶ್ನೆಯ ತಿರುಳನ್ನೇ ಮುಟ್ಟಿದೆ. ಆದರೆ ಪಕ್ಷದ ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂಬ ಆದೇಶ, ಇರುವಾಗ ಆ 33 ಜನ ಹಾಗೆ ಮತ ಹಾಕಬಲ್ಲರೇ? 2024ರ ಫೆಬ್ರುವರಿಯಲ್ಲಿ ರಾಜ್ಯಸಭಾ ಚುನಾವಣೆಯಲ್ಲಿ ಬಿಜೆಪಿಯ ಒಬ್ಬ ಶಾಸಕರು ಅಡ್ಡಮತ ಹಾಕಿದರು, ಇನ್ನೊಬ್ಬರು ಮತದಾನಕ್ಕೇ ಬರಲಿಲ್ಲ, ಇಬ್ಬರ ಶಾಸಕ ಸ್ಥಾನಕ್ಕೂ ಧಕ್ಕೆ ಬರಲಿಲ್ಲವಲ್ಲ?

ಸವದತ್ತಿ ಅಭ್ಯರ್ಥಿ

ಇದು ನನಗೆ ಗೊತ್ತಿರುವ ಅಧ್ಯಾಯ. ರಾಜ್ಯಸಭಾ ಚುನಾವಣೆ ಸದನದ ಕಲಾಪವಲ್ಲ, ಆದ್ದರಿಂದ ಅಲ್ಲಿ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯ ವಿಪ್ ನಿಯಮ ಅನ್ವಯಿಸುವುದಿಲ್ಲ. ಪಕ್ಷ ಉಚ್ಚಾಟಿಸಬಹುದು, ಸ್ಥಾನ ಹೋಗುವುದಿಲ್ಲ. ವಿಧೇಯಕದ ವಿಷಯ ಹಾಗಲ್ಲ. ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದರೆ ಅಥವಾ ಮತ ಹಾಕದೆ ದೂರ ಉಳಿದರೆ, ಮುಂಚಿತ ಅನುಮತಿ ಇಲ್ಲದಿದ್ದರೆ ಮತ್ತು ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ, ಸದಸ್ಯ ಅನರ್ಹನಾಗುತ್ತಾನೆ. ತೀರ್ಮಾನ ಸಭಾಧ್ಯಕ್ಷರದ್ದು. ಈ ಅನುಸೂಚಿ 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಬಂತು, ಮೂರನೇ ಒಂದು ಭಾಗ ಒಡೆದು ಹೋದರೆ ಪರವಾಗಿಲ್ಲ ಎಂದಿದ್ದ ಕಿಂಡಿಯನ್ನು 2003ರ 91ನೇ ತಿದ್ದುಪಡಿ ಮುಚ್ಚಿತು.

ಇಳಕಲ್ಲಿನ ಓದುಗ

ಹಾಗಾದರೆ ಶಾಸಕನ ಮತ ಪಕ್ಷದ ಜೇಬಿನಲ್ಲಿದೆ. ಎಣಿಸಿದರೂ ಒಂದೇ, ಬಿಟ್ಟರೂ ಒಂದೇ. ಮೇಷ್ಟ್ರ ವಿದ್ಯಾರ್ಥಿನಿಗೆ ಹೇಳಿಬಿಡಿ: ನಿಮ್ಮ ಶಾಸಕರ ಪಕ್ಷ ಯಾವುದೆಂದು ನೋಡು, ಉತ್ತರ ಅಲ್ಲೇ ಇದೆ.

ಅಥಣಿಯವ

ಇದನ್ನು ಒಪ್ಪಲಾರೆ. ಪಕ್ಷದ ಹೆಸರಿನಿಂದ ಉತ್ತರ ಸಿಗುವುದು ಆ ಶಾಸಕ ಸದನದಲ್ಲಿ ಇದ್ದಾಗ ಮಾತ್ರ. ಧ್ವನಿಮತ ಮರೆಮಾಚುವುದು ಮತವನ್ನಷ್ಟೇ ಅಲ್ಲ, ಗೈರುಹಾಜರಿಯನ್ನೂ ಮರೆಮಾಚುತ್ತದೆ. ಕ್ಷೇತ್ರದಲ್ಲಿ ವಿಧೇಯಕವನ್ನು ವಿರೋಧಿಸಿ ಭಾಷಣ ಮಾಡಿ, ಅಂಗೀಕಾರದ ದಿನ ಮದುವೆಗೋ ಮುಂಜಿಗೋ ಹೋಗಿ ಕುಳಿತವರ ಗುಟ್ಟು ಹೊರಬೀಳುವುದು ಎಣಿಕೆಯಾದಾಗಲೇ.

ಜಮಖಂಡಿ ವಕೀಲ

ಅಥಣಿಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ವಿಪ್ ಬಗ್ಗೆ ಒಂದು ಸೇರ್ಪಡೆ: 1992ರ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹತ್ತನೇ ಅನುಸೂಚಿಯನ್ನು ಎತ್ತಿಹಿಡಿಯುವಾಗಲೇ, ಅನರ್ಹತೆಯ ಭಯವಿರುವ ವಿಪ್ ಸರ್ಕಾರದ ಅಳಿವು ಉಳಿವಿನ ಮತಕ್ಕೆ ಅಥವಾ ಪಕ್ಷದ ಪ್ರಮುಖ ನೀತಿಯ ವಿಷಯಕ್ಕೆ ಸೀಮಿತವಾಗಿರುವುದು ಒಳ್ಳೆಯದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತ್ತು. ಪಕ್ಷಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸವದತ್ತಿ ಅಭ್ಯರ್ಥಿ

ಗೈರುಹಾಜರಿಯ ಮಾತು ಬಂದುದರಿಂದ ಕೇಳುತ್ತೇನೆ, ಕೋರಂ ಇಲ್ಲದಿದ್ದಾಗ ಅಂಗೀಕಾರವಾದ ವಿಧೇಯಕ ಸಿಂಧುವೇ?

ವಿಜಯಪುರದ ನಿವೃತ್ತ ವರದಿಗಾರ

ಕೋರಂ ಎಂದರೆ ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ: ಹತ್ತು ಸದಸ್ಯರು ಅಥವಾ ಒಟ್ಟು ಬಲದ ಹತ್ತನೇ ಒಂದು ಭಾಗ, ಯಾವುದು ಹೆಚ್ಚೋ ಅದು. ನಮ್ಮ ವಿಧಾನಸಭೆಗೆ ಅದು 23 ಆಗುತ್ತದೆ. ಅಷ್ಟು ಜನ ಇಲ್ಲವೆಂದು ಯಾರಾದರೂ ಎದ್ದು ಹೇಳಿದರೆ ಗಂಟೆ ಹೊಡೆಯುತ್ತಾರೆ, ಕ್ಯಾಂಟೀನಿನಿಂದ ಸದಸ್ಯರು ಓಡಿ ಬರುತ್ತಾರೆ. ಹೇಳುವವರು ಇಲ್ಲದಿದ್ದರೆ ಕಲಾಪ ಸಾಗುತ್ತದೆ, ಸದನದೊಳಗಿನ ಕಾರ್ಯವಿಧಾನದ ಲೋಪವೆಂದು ಆಮೇಲೆ ನ್ಯಾಯಾಲಯಕ್ಕೆ ಹೋದರೆ 212ನೇ ವಿಧಿ ಅಡ್ಡ ನಿಲ್ಲುತ್ತದೆ. ಊಟದ ನಂತರದ ಹೊತ್ತಿನಲ್ಲಿ ಗ್ಯಾಲರಿಯಿಂದ ನಾನೇ ತಲೆ ಎಣಿಸಿ ನಕ್ಕ ದಿನಗಳಿವೆ.

ಇಂಡಿ ಲಿಂಬೆ

ನಗುವ ವಿಷಯವಲ್ಲ. 2025ರ ಮಾರ್ಚ್ 21ರಂದು ಏನಾಯಿತೆಂದು ನೆನಪಿಸಿಕೊಳ್ಳಿ. ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇ 4 ಮೀಸಲಾತಿ ನೀಡುವ ವಿಧೇಯಕದ ಮೇಲೆ ವಿರೋಧ ಪಕ್ಷ ಪೀಠದ ಮುಂದೆ ಗದ್ದಲವೆಬ್ಬಿಸಿತ್ತು, ಕಾಗದಗಳು ಹರಿದು ಹಾರಿದವು, 18 ಬಿಜೆಪಿ ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು. ಅದೇ ದಿನ, ಅದೇ ಗದ್ದಲದ ನಡುವೆ, ಶಾಸಕರ ಮತ್ತು ಸಚಿವರ ಸಂಬಳ ಹೆಚ್ಚಿಸುವ ವಿಧೇಯಕಗಳೂ ಚರ್ಚೆಯಿಲ್ಲದೆ ಅಂಗೀಕಾರವಾದವು. ಶಾಸಕರ ಮಾಸಿಕ ವೇತನ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಗಳದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು. ಅಂದು ಎಣಿಕೆಯಾಗಿದ್ದರೆ ಇಲ್ಲ ಎಂದವರು ಎಷ್ಟು ಜನ ಸಿಗುತ್ತಿದ್ದರೆಂದು ತಿಳಿಯುವ ಕುತೂಹಲ ನನಗಿದೆ.

ಹಲಗಾ ನಿವಾಸಿ

ಆ ವಿಷಯದಲ್ಲಿ ಎಲ್ಲ ಪಕ್ಷಗಳೂ ಒಂದೇ ದನಿಯಲ್ಲಿ ಮಾತಾಡುತ್ತವೆ, ಅದನ್ನು ಧ್ವನಿಮತವೆಂದು ಕರೆಯುವುದು ಸರಿಯಾಗಿಯೇ ಇದೆ.

ಇಳಕಲ್ಲಿನ ಓದುಗ

ಆದರೆ ನಮ್ಮ ಬೆಳಗಾವಿ ಸದನ ಒಮ್ಮತದಿಂದ ನಡೆದ ದಿನವೂ ಇದೆ. 2022ರ ಡಿಸೆಂಬರ್ 22ರಂದು ಗಡಿ ವಿಷಯದಲ್ಲಿ ಕರ್ನಾಟಕದ ಒಂದಿಂಚು ನೆಲವನ್ನೂ ಬಿಡುವುದಿಲ್ಲವೆಂದು ವಿಧಾನಸಭೆ ಸರ್ವಾನುಮತದಿಂದ ಅಂಗೀಕರಿಸಿತು. ಅಂತಹ ಕಾಯ್ದೆಗೆ ಯಾರು ಎಣಿಕೆ ಕೇಳುತ್ತಾರೆ?

ಜಮಖಂಡಿ ವಕೀಲ

ಅದು ಕಾಯ್ದೆಯಲ್ಲ, ನಿರ್ಣಯ. ನಿರ್ಣಯವೆಂದರೆ ಸದನದ ಅಭಿಪ್ರಾಯ. ಅದು ರಾಜ್ಯಪಾಲರ ಅಂಕಿತಕ್ಕೆ ಹೋಗುವುದಿಲ್ಲ, ಯಾರನ್ನೂ ಕಾನೂನಿನಂತೆ ಕಟ್ಟಿಹಾಕುವುದೂ ಇಲ್ಲ. ಐದೇ ದಿನಗಳಲ್ಲಿ ಮಹಾರಾಷ್ಟ್ರ ವಿಧಾನಸಭೆ ನಾಗಪುರದಲ್ಲಿ ತದ್ವಿರುದ್ಧ ನಿರ್ಣಯವನ್ನು ಅಷ್ಟೇ ಒಮ್ಮತದಿಂದ ಅಂಗೀಕರಿಸಿತು. ಎರಡೂ ಕಾಯ್ದೆಗಳಾಗಿದ್ದರೆ ಬೆಳಗಾವಿಯಲ್ಲಿ ಬದುಕುವವರ ಗತಿ ಏನಾಗುತ್ತಿತ್ತೆಂದು ಊಹಿಸಿ.

ಇಳಕಲ್ಲಿನ ಓದುಗ

ನಿರ್ಣಯವೋ ಕಾಯ್ದೆಯೋ, ಒಮ್ಮತ ಸಾಧ್ಯ ಎಂಬುದು ನನ್ನ ವಾದ. ಅದು ಬಿದ್ದುಹೋಗಿಲ್ಲ.

ಗೋಕಾಕ ಶಿಕ್ಷಕಿ

ಎಲ್ಲರೂ ವಿಧಾನಸಭೆಯನ್ನೇ ಹಿಡಿದುಕೊಂಡಿದ್ದೀರಿ. 75 ಸದಸ್ಯರ ವಿಧಾನಪರಿಷತ್ತನ್ನು ಯಾರೂ ನೆನೆಯಲಿಲ್ಲ. ಬೈಲಹೊಂಗಲದ ಮೇಷ್ಟ್ರಿಗೂ ನನಗೂ ಅಲ್ಲಿ ಎರಡು ಕಡೆಯಿಂದ ಪ್ರತಿನಿಧಿಗಳಿದ್ದಾರೆ. ವಾಯವ್ಯ ಶಿಕ್ಷಕರ ಕ್ಷೇತ್ರ ಮತ್ತು ವಾಯವ್ಯ ಪದವೀಧರರ ಕ್ಷೇತ್ರ ಎರಡೂ ನಮ್ಮ ಈ ಮೂರು ಜಿಲ್ಲೆಗಳದ್ದೇ. ಮಕ್ಕಳಿಗೆ ಪಾಠ ಹೇಳುವಾಗ ಮೇಲ್ಮನೆಯನ್ನು ಎರಡು ಸಾಲಿನಲ್ಲಿ ಮುಗಿಸುವುದು ನಮ್ಮಲ್ಲಿ ರೂಢಿ, ಆದರೆ ಸರ್ಕಾರದ ವಿಧೇಯಕಗಳು ನಿಜಕ್ಕೂ ಎಡವಿ ಬಿದ್ದದ್ದು ಅಲ್ಲಿಯೇ.

ಮತಾಂತರ ನಿಷೇಧದ ವಿಧೇಯಕವನ್ನೇ ತೆಗೆದುಕೊಳ್ಳಿ. 2021ರ ಡಿಸೆಂಬರ್ 21ರಂದು ಬೆಳಗಾವಿಯಲ್ಲಿ ಮಂಡನೆ, 23ರಂದು ವಿಧಾನಸಭೆಯಲ್ಲಿ ಧ್ವನಿಮತದಿಂದ ಅಂಗೀಕಾರ. ಪರಿಷತ್ತಿನಲ್ಲಿ ಆಗ ಆಡಳಿತ ಪಕ್ಷಕ್ಕೆ ಸಂಖ್ಯೆ ಸಾಲದಾಗಿ ಆ ಅಧಿವೇಶನದಲ್ಲಿ ಅದನ್ನು ಅಲ್ಲಿ ಕೈಗೆತ್ತಿಕೊಳ್ಳಲೇ ಇಲ್ಲ. 2022ರ ಮೇನಲ್ಲಿ ಸುಗ್ರೀವಾಜ್ಞೆ ಹೊರಡಿಸಿದರು. ಸುಗ್ರೀವಾಜ್ಞೆಗೆ ಸದನ ಮತ್ತೆ ಸೇರಿದ ಆರು ವಾರಗಳವರೆಗೆ ಮಾತ್ರ ಆಯುಷ್ಯ, ಆದ್ದರಿಂದ ಪರಿಷತ್ತಿನ ಬಲಾಬಲ ಬದಲಾದ ಮೇಲೆ ಸೆಪ್ಟೆಂಬರ್‌ನಲ್ಲಿ ಅಂಗೀಕಾರ ಪಡೆದರು. 2023ರಲ್ಲಿ ಬಂದ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು, ಆದರೆ ಸಂಪುಟದ ತೀರ್ಮಾನದಿಂದ ಕಾಯ್ದೆ ರದ್ದಾಗುವುದಿಲ್ಲ, ರದ್ದು ಮಾಡುವುದಕ್ಕೂ ಇನ್ನೊಂದು ವಿಧೇಯಕ ಎರಡೂ ಸದನ ದಾಟಬೇಕು.

ಈಗಿನ ಸರ್ಕಾರಕ್ಕೂ ಅದೇ ಅನುಭವವಾಯಿತು. ಮುಜರಾಯಿ ದೇವಸ್ಥಾನಗಳ ಆದಾಯದಲ್ಲಿ ಶೇ 5 ಮತ್ತು ಶೇ 10ರಷ್ಟನ್ನು ಸಾಮಾನ್ಯ ನಿಧಿಗೆ ಪಡೆಯುವ ತಿದ್ದುಪಡಿ ವಿಧೇಯಕವನ್ನು 2024ರ ಫೆಬ್ರುವರಿಯಲ್ಲಿ ವಿಧಾನಸಭೆ ಒಪ್ಪಿತು, ಎರಡೇ ದಿನಗಳಲ್ಲಿ ಪರಿಷತ್ತು ಧ್ವನಿಮತದಿಂದಲೇ ತಿರಸ್ಕರಿಸಿತು. ಆದ್ದರಿಂದ ಧ್ವನಿಮತ ಯಾವಾಗಲೂ ಸರ್ಕಾರದ ಕೈಗೊಂಬೆ ಎಂಬ ಇಂಡಿಯವರ ಧಾಟಿ ಸರಿಯಲ್ಲ.

ಇಂಡಿ ಲಿಂಬೆ

ಕೈಗೊಂಬೆ ಎಂದು ನಾನು ಬರೆದೇ ಇಲ್ಲ. ಎಣಿಸಿ ಎಂದೆ. ಪರಿಷತ್ತಿನಲ್ಲಿಯೂ ಎಣಿಸಲಿ.

ಬೈಲಹೊಂಗಲ ಮೇಷ್ಟ್ರು

ಪರಿಷತ್ತು ತಿರಸ್ಕರಿಸಿದರೆ ಸಂಸತ್ತಿನಂತೆ ಜಂಟಿ ಅಧಿವೇಶನ ಕರೆಯುತ್ತಾರೆಯೇ?

ಸವದತ್ತಿ ಅಭ್ಯರ್ಥಿ

ಇಲ್ಲ, ರಾಜ್ಯಗಳಲ್ಲಿ ಅದಕ್ಕೆ ಅವಕಾಶವಿಲ್ಲ. 197ನೇ ವಿಧಿಯಂತೆ ಪರಿಷತ್ತು ತಿರಸ್ಕರಿಸಿದರೆ, ಮೂರು ತಿಂಗಳು ಸುಮ್ಮನೆ ಇಟ್ಟುಕೊಂಡರೆ, ಅಥವಾ ವಿಧಾನಸಭೆ ಒಪ್ಪದ ತಿದ್ದುಪಡಿ ಮಾಡಿದರೆ, ವಿಧಾನಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಿ ಕಳುಹಿಸಬಹುದು. ಎರಡನೆಯ ಬಾರಿ ಪರಿಷತ್ತು ಒಂದು ತಿಂಗಳು ಮಾತ್ರ ತಡೆಯಬಲ್ಲದು, ಆಮೇಲೆ ಎರಡೂ ಸದನ ಅಂಗೀಕರಿಸಿದಂತೆಯೇ ಲೆಕ್ಕ. ದೇವಸ್ಥಾನಗಳ ವಿಧೇಯಕವನ್ನು ವಿಧಾನಸಭೆ ಅದೇ ತಿಂಗಳ ಕೊನೆಗೆ ಮತ್ತೆ ಅಂಗೀಕರಿಸಿದ್ದು ಈ ದಾರಿಯಲ್ಲೇ. ಹಣಕಾಸು ವಿಧೇಯಕವಾದರೆ ಪರಿಷತ್ತಿಗೆ 14 ದಿನ, ಅದೂ ಸಲಹೆ ಕೊಡುವುದಕ್ಕೆ.

ತಿಕೋಟಾ ಔಷಧ ಅಂಗಡಿ

ಇಷ್ಟೆಲ್ಲ ದಾಟಿ ರಾಜಭವನದಲ್ಲಿ ಕುಳಿತುಕೊಂಡರೆ?

ಜಮಖಂಡಿ ವಕೀಲ

200ನೇ ವಿಧಿಯಡಿ ರಾಜ್ಯಪಾಲರು ಅಂಕಿತ ಹಾಕಬಹುದು, ಹಣಕಾಸು ವಿಧೇಯಕವಲ್ಲದಿದ್ದರೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು, ರಾಷ್ಟ್ರಪತಿಗಳಿಗೆ ಕಾಯ್ದಿರಿಸಬಹುದು. ಇಂಡಿಯವರು ಹೇಳಿದ ಗುತ್ತಿಗೆ ಮೀಸಲಾತಿಯ ವಿಧೇಯಕವನ್ನು ನಮ್ಮ ರಾಜ್ಯಪಾಲರು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ತಮಿಳುನಾಡಿನ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ರಾಜ್ಯಪಾಲರ ತೀರ್ಮಾನಕ್ಕೆ ಕಾಲಮಿತಿ ಹಾಕಿತ್ತು, ನವೆಂಬರ್‌ನಲ್ಲಿ ಐವರ ಪೀಠ ನ್ಯಾಯಾಲಯ ಹಾಗೆ ಕಾಲಮಿತಿ ಹೇರಲಾಗದೆಂದೂ, ಕಾರಣವಿಲ್ಲದ ದೀರ್ಘ ವಿಳಂಬವಾದರೆ ಮಾತ್ರ ಸೀಮಿತವಾಗಿ ಮಧ್ಯಪ್ರವೇಶಿಸಬಹುದೆಂದೂ ಅಭಿಪ್ರಾಯ ನೀಡಿತು. ಅಂಕಿತವಾಗಿ ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೂ ಒಂದನೆಯ ಖಂಡ ನೋಡಿ. ಸರ್ಕಾರ ಗೊತ್ತುಪಡಿಸುವ ದಿನದಿಂದ ಜಾರಿ ಎಂದಿದ್ದರೆ ಆ ದಿನ ಬರುವವರೆಗೆ ಅದು ಕಾಗದದಲ್ಲೇ ಇರುತ್ತದೆ.

ವಿಜಯಪುರದ ನಿವೃತ್ತ ವರದಿಗಾರ

ಚರ್ಚೆ ರಾಜಭವನಕ್ಕೆ ಹೋಗಿಬಿಟ್ಟಿತು, ಮತ್ತೆ ಸದನದೊಳಕ್ಕೆ ತರುತ್ತೇನೆ. ಲೋಕಸಭೆಯಲ್ಲಿ ಗುಂಡಿ ಒತ್ತಿ ಮತ ಹಾಕುವ ಯಂತ್ರವಿದೆ, ಹೆಸರು ಸಮೇತ ದಾಖಲಾಗುತ್ತದೆ. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ವಿಧೇಯಕಕ್ಕೆ 288 ಪರ, 232 ವಿರುದ್ಧ ಎಂಬ ಲೆಕ್ಕ ಮಧ್ಯರಾತ್ರಿ ದಾಟಿದ ಮೇಲೆ ಸಿಕ್ಕಿದ್ದು ಹಾಗೆ. 2023ರಲ್ಲಿ ಹೊಸ ಕಟ್ಟಡದಲ್ಲಿ ಮಹಿಳಾ ಮೀಸಲಾತಿಗೆ ಚೀಟಿ ಕೊಟ್ಟು ಮತ ಪಡೆದರು, 454 ಪರ, 2 ವಿರುದ್ಧ. ಅಂದರೆ ಯಂತ್ರವಿಲ್ಲದೆಯೂ ಹೆಸರು ದಾಖಲಿಸಬಹುದು.

ಆದರೆ ಯಂತ್ರವಿದ್ದರೂ ಮನಸ್ಸು ಬೇಕು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ವಿಧೇಯಕಗಳಿಗೆ ವಿರೋಧ ಪಕ್ಷದವರು ಡಿವಿಷನ್ ಕೇಳಿದರು, ಕೇಳಿದವರು ತಮ್ಮ ಸ್ಥಾನದಲ್ಲಿ ಇರಲಿಲ್ಲವೆಂಬ ಕಾರಣ ಹೇಳಿ ಧ್ವನಿಮತದಲ್ಲೇ ಮುಗಿಸಿದರು. ಇದನ್ನು ನಮ್ಮ ಶಾಸಕರು ಪಾಠವಾಗಿ ಓದಬೇಕು. ಡಿವಿಷನ್ ಬೇಕೆನ್ನುವವನು ಪೀಠದ ಮುಂದೆ ಕೂಗುತ್ತ ನಿಲ್ಲಬಾರದು, ತನ್ನ ಆಸನದಲ್ಲಿ ನಿಂತು ಕೇಳಬೇಕು. ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ, ಇಳಿದವನು ಆ ಹಕ್ಕನ್ನು ತಾನೇ ಕೈಯಾರೆ ಬಿಟ್ಟುಕೊಟ್ಟಂತೆ.

ಅಥಣಿಯವ

ಆಸನದಲ್ಲಿ ನಿಂತು ಕೇಳಿದರೂ ಪೀಠ ಒಪ್ಪಬೇಕಲ್ಲ? ಪ್ರತಿಯೊಂದು ಖಂಡಕ್ಕೂ ಎಣಿಕೆ ಕೇಳಿ ಕಾಲಹರಣ ಮಾಡುವವರೂ ಹುಟ್ಟಿಕೊಳ್ಳುತ್ತಾರೆ.

ವಿಜಯಪುರದ ನಿವೃತ್ತ ವರದಿಗಾರ

ಆ ಭಯಕ್ಕೂ ಲೋಕಸಭೆಯ ನಿಯಮದಲ್ಲಿ ಮದ್ದಿದೆ. ಅನಗತ್ಯವಾಗಿ ಕೇಳಿದ್ದಾರೆಂದು ಸ್ಪೀಕರ್‌ಗೆ ಅನ್ನಿಸಿದರೆ ಎರಡೂ ಕಡೆಯವರನ್ನು ಇದ್ದಲ್ಲೇ ಎಬ್ಬಿಸಿ ನಿಲ್ಲಿಸಿ ಎಣಿಸಿಬಿಡಬಹುದು, ಆಗ ಹೆಸರು ದಾಖಲಾಗುವುದಿಲ್ಲ. ಇನ್ನು ಕಾಲಹರಣ ಎನ್ನುತ್ತೀರಿ. ವರ್ಷಕ್ಕೆ 60 ದಿನವಾದರೂ ಸದನ ನಡೆಯಬೇಕೆಂದು 2005ರಲ್ಲಿ ಇದೇ ಶಾಸಕಾಂಗ ಕಾಯ್ದೆ ಮಾಡಿಕೊಂಡಿದೆ. ಆ 60 ದಿನಗಳನ್ನು ಪೂರ್ತಿ ನಡೆಸಲಿ, ಎಣಿಕೆಗೆ ಬೇಕಾಗುವ ಹತ್ತು ಹದಿನೈದು ನಿಮಿಷ ಯಾರಿಗೂ ಭಾರವಾಗುವುದಿಲ್ಲ.

ಗೋಕಾಕ ಶಿಕ್ಷಕಿ

ಮೇಷ್ಟ್ರೇ, ಮಕ್ಕಳಿಗೆ ಒಂದು ಕೆಲಸ ಕೊಡಬಹುದು. ವಿಧಾನಸಭೆಯ ಜಾಲತಾಣದಲ್ಲಿ ನಡವಳಿಗಳು ಸಿಗುತ್ತವೆ. ಯಾವುದಾದರೂ ಒಂದು ವಿಧೇಯಕವನ್ನು ಆರಿಸಿ, ಅದರ ಪರ್ಯಾಲೋಚನೆಯಲ್ಲಿ ನಮ್ಮ ಮೂರು ಜಿಲ್ಲೆಗಳ ಯಾವ ಸದಸ್ಯರು ಮಾತಾಡಿದರು, ಏನು ಹೇಳಿದರು ಎಂದು ಪಟ್ಟಿ ಮಾಡಲಿ. ಮತ ಗೊತ್ತಾಗದಿದ್ದರೂ ಮಾತು ಗೊತ್ತಾಗುತ್ತದೆ. ವಿಧೇಯಕದ ಕೊನೆಯಲ್ಲಿರುವ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆಯನ್ನೂ ಓದಿಸಿ, ಹತ್ತನೆಯ ತರಗತಿಯವರಿಗೆ ಅದು ಅರ್ಥವಾಗುವ ಭಾಷೆಯಲ್ಲೇ ಇರುತ್ತದೆ.

ಬೈಲಹೊಂಗಲ ಮೇಷ್ಟ್ರು

ಒಳ್ಳೆಯ ಸಲಹೆ, ಮಾಡಿಸುತ್ತೇನೆ. ಅದರ ಜೊತೆಗೆ ನಮ್ಮ ಶಾಸಕರಿಗೆ ಒಂದು ಪತ್ರ ಬರೆಯಬೇಕೆಂದಿದ್ದೇನೆ. ಮುಂದಿನ ಅಧಿವೇಶನದಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ವಿಧೇಯಕ ಬಂದರೆ ತಾವು ಯಾವ ಕಡೆ ಇರುವಿರಿ ಎಂಬುದನ್ನು ಮೊದಲೇ ತಿಳಿಸಿ, ಅಂಗೀಕಾರದ ಹಂತದಲ್ಲಿ ಡಿವಿಷನ್ ಕೇಳಿ ಎಂದು. ವಕೀಲರು ಕರಡು ತಿದ್ದಿಕೊಟ್ಟರೆ ಉಪಕಾರವಾಗುತ್ತದೆ.

ಜಮಖಂಡಿ ವಕೀಲ

ಕಳುಹಿಸಿ, ನೋಡುತ್ತೇನೆ. ಎರಡು ವಿಷಯ ಗಮನದಲ್ಲಿರಲಿ. ಎಲ್ಲ ವಿಧೇಯಕಗಳಿಗೂ ಡಿವಿಷನ್ ಕೇಳಿ ಎಂದು ಬರೆಯಬೇಡಿ, ಆಗದ ಮಾತೆಂದು ಪಕ್ಕಕ್ಕಿಡುತ್ತಾರೆ. ಒಂದು ವಿಧೇಯಕವನ್ನು, ಸಾಧ್ಯವಾದರೆ ಒಂದೇ ಖಂಡವನ್ನು ಹೆಸರಿಸಿ ಕೇಳಿ. ಮತ್ತು ಪತ್ರ ಅಧಿವೇಶನ ಆರಂಭವಾಗುವ ಮೊದಲೇ ತಲುಪಲಿ, ಏಕೆಂದರೆ ತಿದ್ದುಪಡಿಯ ಸೂಚನೆಯನ್ನು ಮುಂಚಿತವಾಗಿ ಬರವಣಿಗೆಯಲ್ಲಿ ಕೊಡಬೇಕಾಗುತ್ತದೆ.

ಮುಧೋಳದ ಕಬ್ಬು

ಅದೇ ಕರಡನ್ನು ನನಗೂ ಕಳುಹಿಸಿ. ಶಿಕ್ಷಣ ಎಂದಿರುವಲ್ಲಿ ಕಬ್ಬು ಎಂದು ಬರೆದು ಬಾಗಲಕೋಟೆ ಜಿಲ್ಲೆಯ ಏಳೂ ಶಾಸಕರಿಗೆ ಕೊಡುತ್ತೇನೆ.

ಗೋಕಾಕ ಶಿಕ್ಷಕಿ

ಪರಿಷತ್ತಿನ ನಮ್ಮ ಇಬ್ಬರು ಸದಸ್ಯರಿಗೂ ಒಂದೊಂದು ಪ್ರತಿ ಹೋಗಲಿ. ಅವರ ಮತದಾರರು ನಾವೇ.